ಸಚಿವರೇ, ಸ್ಟೇಡಿಯಂ ಆಮೇಲೆ ಕಟ್ಟಿ, ಮೊದಲು ಮಕ್ಕಳಿಗೆ ಕೋಚ್ ಕೊಡಿ

ರಾಜ್ಯದ ಕ್ರೀಡಾ ಸಚಿವರಿಗೆ ನಮಸ್ಕಾರ.

ನಾನು ಬೆಂಗಳೂರಿನ ಹಲಸೂರು ಕಡೆಯವನು. ಶನಿವಾರ, ಭಾನುವಾರ ಬೆಳಗ್ಗೆ ನಮ್ಮ ಏರಿಯಾದ ಮೈದಾನದಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಚೆಂಡು ಮುಟ್ಟುವ ಮುಂಚೆ ನಮಗೆ ಒಂದು ಕೆಲಸ ಇರುತ್ತದೆ. ಮಕ್ಕಳೆಲ್ಲ ಸಾಲಾಗಿ ನಿಂತು, ತಲೆ ತಗ್ಗಿಸಿಕೊಂಡು, ಈ ತುದಿಯಿಂದ ಆ ತುದಿಯವರೆಗೆ ನಿಧಾನಕ್ಕೆ ನಡೆಯುತ್ತಾರೆ. ಮೊಳೆ ಆರಿಸೋಕೆ. ವಾರದ ಮಧ್ಯೆ ಅಲ್ಲಿ ಮದುವೆಗೋ ಸಭೆಗೋ ಶಾಮಿಯಾನ ಹಾಕಿರುತ್ತಾರೆ, ಬಿಚ್ಚಿಕೊಂಡು ಹೋಗುವಾಗ ಮೊಳೆ, ತಂತಿ, ಒಡೆದ ಬಾಟಲಿ ಎಲ್ಲ ಅಲ್ಲೇ ಬಿಟ್ಟು ಹೋಗುತ್ತಾರೆ. ಈಚೆಗೆ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಶೂ ತೂತಾಗಿ ಕಾಲಿಗೆ ಮೊಳೆ ಹೊಕ್ಕಿತು. ಇಂಜೆಕ್ಷನ್ ಹಾಕಿಸಿಕೊಂಡ ಆ ಹುಡುಗ ಮುಂದಿನ ವಾರ ಎಲ್ಲರಿಗಿಂತ ಮೊದಲೇ ಬಂದು ಮೊಳೆ ಹುಡುಕುತ್ತಾ ಇದ್ದ.

2025ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ನಮ್ಮ ದೇಶದ ತಂಡ ಸಿಂಗಪುರದ ಎದುರು 1-2ರಿಂದ ಸೋತಿತು. ಮೊದಲ ಗೋಲು ನಮ್ಮದೇ, ಆಮೇಲೆ ಕೈಬಿಟ್ಟೆವು. 2027ರ ಏಷ್ಯನ್ ಕಪ್‌ಗೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಅದಕ್ಕೂ ಮುಂಚೆ, 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಮೂರಕ್ಕೆ ಮೂರೂ ಪಂದ್ಯ ಸೋತಿದ್ದೆವು, ಒಂದೇ ಒಂದು ಗೋಲು ಬರಲಿಲ್ಲ. ಸೋತಾಗಲೆಲ್ಲ ಅದೇ ಮಾತು ಕೇಳಿಬರುತ್ತದೆ. ನಮ್ಮವರಿಗೆ ಮೈಕಟ್ಟು ಸಾಲದು, ಎಲ್ಲವನ್ನೂ ಕ್ರಿಕೆಟ್ ನುಂಗಿಬಿಟ್ಟಿತು, ವಿದೇಶಿ ಕೋಚ್ ತರಬೇಕು, ದೊಡ್ಡ ಸ್ಟೇಡಿಯಂ ಬೇಕು. ಇದರಲ್ಲಿ ಬಹಳಷ್ಟನ್ನು ನಾನು ನಂಬೋದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಐಸ್‌ಲ್ಯಾಂಡ್ ಗೊತ್ತಲ್ವಾ ಸರ್? 2016ರಲ್ಲಿ ಆ ದೇಶದ ಜನಸಂಖ್ಯೆ 3.3 ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಶಿವಮೊಗ್ಗ ನಗರದಲ್ಲೇ ಹೆಚ್ಚುಕಡಿಮೆ ಅಷ್ಟು ಜನ ಇದ್ದರು. ಅಂಥ ದೇಶ ಆ ವರ್ಷದ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿ ಮನೆಗೆ ಕಳಿಸಿತು. ನಾಲ್ಕನೇ ನಿಮಿಷಕ್ಕೆ ಇಂಗ್ಲೆಂಡಿನ ರೂನಿ ಪೆನಾಲ್ಟಿ ಹೊಡೆದಾಗ ಇನ್ನೇನು ಮುಗೀತು ಅಂದುಕೊಂಡಿದ್ದೆ. ಎರಡೇ ನಿಮಿಷ. ಗೆರೆಯ ಆಚೆಯಿಂದ ಐಸ್‌ಲ್ಯಾಂಡ್ ನಾಯಕ ಗುನ್ನಾರ್ಸನ್ ಒಂದು ಉದ್ದನೆಯ ಥ್ರೋ ಎಸೆದ, ಒಬ್ಬ ಅದಕ್ಕೆ ತಲೆ ತಾಗಿಸಿದ, ಇನ್ನೊಬ್ಬ ಓಡಿಬಂದು ಒಳಗೆ ತಳ್ಳಿದ. ಐದು ದಿನದ ಹಿಂದೆ ಆಸ್ಟ್ರಿಯಾ ಮೇಲೂ ಇಂಥದೇ ಥ್ರೋದಿಂದ ಗೋಲು ಹೊಡೆದಿದ್ದರು. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಓಡಬೇಕು ಅನ್ನೋದು ಅವರ ಮೈಗೆ ಹತ್ತಿಹೋಗಿತ್ತು.

ಇದೇ ತಂಡ 2012ರಲ್ಲಿ ಫಿಫಾದ ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ 130ರ ಆಚೆ ಜಾರಿತ್ತು. ಆದರೆ ಕೆಲಸ ಅದಕ್ಕೂ ಹತ್ತು ಹನ್ನೆರಡು ವರ್ಷ ಮುಂಚೆಯೇ ಶುರುವಾಗಿತ್ತು. ಅಲ್ಲಿ ಚಳಿಗಾಲ ಅಂದರೆ ಹಿಮ, ಗಾಳಿ, ಮಧ್ಯಾಹ್ನಕ್ಕೇ ಕತ್ತಲು. 2000ದಿಂದ ಈಚೆಗೆ ಚಾವಣಿ ಇರುವ ದೊಡ್ಡ ಮೈದಾನಗಳನ್ನು ಕಟ್ಟಿದರು, ಶಾಲೆಗಳ ಪಕ್ಕ ಕೃತಕ ಹುಲ್ಲಿನ ಚಿಕ್ಕ ಚಿಕ್ಕ ಅಂಗಳ ಮಾಡಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಅಲ್ಲಿ ಆರೇಳು ವರ್ಷದ ಮಗುವಿಗೂ ಚೆಂಡು ಒದೆಯೋದನ್ನು ಹೇಳಿಕೊಡುವವರು, ಹೆಚ್ಚಿನ ಕಡೆ, ತರಬೇತಿ ಮುಗಿಸಿ ಲೈಸೆನ್ಸ್ ಪಡೆದ ಕೋಚ್‌ಗಳು. ಅದಕ್ಕೆ ಅವರಿಗೆ ಸಂಬಳ ಇದೆ. ಆ ಮೈದಾನಗಳಲ್ಲಿ ಬೆಳೆದ ಹುಡುಗರೇ 2011ರಲ್ಲಿ 21ರ ಒಳಗಿನವರ ಯೂರೋಗೆ ಹೋದರು, ಅವರಲ್ಲೇ ಎಷ್ಟೋ ಜನ 2016ರಲ್ಲಿ ಇಂಗ್ಲೆಂಡನ್ನು ಮಣಿಸಿದರು, 2018ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಜೊತೆ 1-1 ಡ್ರಾ ಮಾಡಿಕೊಂಡರು.

ಬೇರೆ ದಾರಿ ಇಲ್ಲ ಅಂತಲ್ಲ. 2022ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಮೊರಾಕೊ ತಂಡದ 26 ಜನರಲ್ಲಿ 14 ಜನ ಹೊರದೇಶಗಳಲ್ಲಿ ಹುಟ್ಟಿದ ಮೊರಾಕೊ ಮೂಲದವರು. ನಮ್ಮಲ್ಲಿ ಭಾರತೀಯ ಮೂಲದವರಾದರೂ ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶದ ತಂಡಕ್ಕೆ ಆಡುವ ಹಾಗಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಇಲ್ಲಿಯವರಾದರು, ಸಂತೋಷ. ಆದರೆ ಅದೆಲ್ಲ ದೆಹಲಿಯಲ್ಲಿ ಕೂತವರ ಕೈಲಿರುವ ವಿಷಯ. ನಿಮ್ಮ ಕೈಲಿರೋದು ಮೈದಾನ, ಶಾಲೆ, ಮೇಷ್ಟ್ರು.

ಮೇಷ್ಟ್ರು ಅಂದೆನಲ್ಲ, ಸೈಯದ್ ಅಬ್ದುಲ್ ರಹೀಂ ನೆನಪಾಗುತ್ತಾರೆ. ಹೈದರಾಬಾದಿನಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಭಾರತ ತಂಡದ ಕೋಚ್ ಆಗಿ 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ನಮಗೆ ಏಷ್ಯನ್ ಗೇಮ್ಸ್ ಚಿನ್ನ ಗೆಲ್ಲಿಸಿದರು, ನಡುವೆ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಜಕಾರ್ತಾದಲ್ಲಿ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ನಮ್ಮನ್ನು ಸೋಲಿಸಿತ್ತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಂ ಮುಂದೆ ತಂದು ಗೋಲು ಹೊಡೆಯೋಕೆ ನಿಲ್ಲಿಸಿದರು, ಫೈನಲ್‌ನಲ್ಲಿ ಅದೇ ಕೊರಿಯಾ ಮೇಲೆ ಅವರೇ ಒಂದು ಗೋಲು ಹೊಡೆದರು, 2-1. ಆಗ ರಹೀಂ ಅವರಿಗೆ ಕ್ಯಾನ್ಸರ್ ಇತ್ತು. ಮುಂದಿನ ವರ್ಷವೇ ತೀರಿಕೊಂಡರು. ಐಸ್‌ಲ್ಯಾಂಡನ್ನು ವಿಶ್ವಕಪ್‌ಗೆ ಕರೆದುಕೊಂಡು ಹೋದ ಹಾಲ್‌ಗ್ರಿಮ್‌ಸನ್ ಕೂಡ ಹಲ್ಲಿನ ಡಾಕ್ಟರಾಗಿದ್ದವರು. ತಮ್ಮ ಊರಿನ ಮಕ್ಕಳಿಗೆ ಆಟ ಹೇಳಿಕೊಡುತ್ತಾ ಮೇಲೆ ಬಂದವರು.

ನಮ್ಮ ಊರಿಗೂ ಈ ಆಟ ಹೊಸದಲ್ಲ ಸರ್. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿ ಆಡಿದ ಅಹ್ಮದ್ ಖಾನ್ ಕೂಡ. ನಮ್ಮ ಹಲಸೂರು ಕಡೆಯ ಗೌತಮಪುರಕ್ಕೆ ಒಂದು ಸಲ ಬನ್ನಿ, ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆ ಪೆಲೆಯ ಪ್ರತಿಮೆಯೂ ಅಲ್ಲಿದೆ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು 1969ರ ಸುಮಾರಿಗೆ ಗೆದ್ದ ನಾವು ಮತ್ತೆ ಗೆದ್ದಿದ್ದು 2023ರಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. 54 ವರ್ಷ! ಅಷ್ಟು ವರ್ಷ ನಮ್ಮ ಗಲ್ಲಿಗಳಲ್ಲಿ ಹುಡುಗರು ಆಡೋದನ್ನೇನೂ ಬಿಟ್ಟಿರಲಿಲ್ಲ.

ನನ್ನ ಹತ್ತಿರ ಬರುವ ಒಬ್ಬ ಹುಡುಗಿ ಇದ್ದಾಳೆ, ಹನ್ನೊಂದು ವರ್ಷ. ಓಟ ನೋಡಬೇಕು ನೀವು. ಚೆಂಡು ಬಲಕ್ಕೆ ಬಂದರೆ ಅವಳನ್ನು ಹಿಡಿಯೋರಿಲ್ಲ. ಎಡಕ್ಕೆ ಬಂದರೆ ಮಾತ್ರ ಇಡೀ ಮೈ ತಿರುಗಿಸಿ ಬಲಗಾಲಿಗೇ ತಂದುಕೊಳ್ಳುತ್ತಾಳೆ, ಅಷ್ಟರಲ್ಲಿ ಚೆಂಡು ಬೇರೆಯವರ ಪಾಲು. ಎರಡು ವರ್ಷದಿಂದ ತಿದ್ದೋಕೆ ನೋಡುತ್ತಿದ್ದೇನೆ, ಆಗುತ್ತಿಲ್ಲ. ನಾನು ಲೀಗ್ ಆಡಿದವನು, ಕಲಿಸೋದನ್ನು ನನಗೆ ಯಾರೂ ಕಲಿಸಿಲ್ಲ. ಗೊತ್ತಿರುವವರು ಅವಳಿಗೆ ಏಳನೇ ವಯಸ್ಸಲ್ಲೇ ಸಿಕ್ಕಿದ್ದರೆ ಇದು ಒಂದು ತಿಂಗಳ ಕೆಲಸ ಆಗುತ್ತಿತ್ತೇನೋ.

ಅದಕ್ಕೇ ಕೇಳುತ್ತಿದ್ದೇನೆ. ಸರ್ಕಾರಿ ಶಾಲೆಗಳ ಪಿಟಿ ಮೇಷ್ಟ್ರುಗಳನ್ನು, ನನ್ನ ಥರ ಸುಮ್ನೆ ಪ್ರೀತಿಗೆ ಹೇಳಿಕೊಡುವವರನ್ನು ಕೋಚಿಂಗ್ ಲೈಸೆನ್ಸ್ ಕೋರ್ಸಿಗೆ ಕಳಿಸಿ, ಫೀಸು ಸರ್ಕಾರ ಕಟ್ಟಲಿ, ಬದಲಿಗೆ ಎರಡು ವರ್ಷ ಹನ್ನೆರಡರ ಒಳಗಿನ ಮಕ್ಕಳಿಗೆ ಹೇಳಿಕೊಡಬೇಕು ಅಂತ ಬರೆಸಿಕೊಳ್ಳಿ. ಚೆನ್ನಾಗಿ ಕಲಿಸುವವರಿಗೆ ತಿಂಗಳಿಗೆ ಇಂತಿಷ್ಟು ಅಂತ ಕೊಡಿ. ಬೆಳಗ್ಗೆ ಆರರಿಂದ ಎಂಟು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಸರ್ಕಾರಿ ಮೈದಾನಗಳು ಮಕ್ಕಳಿಗೇ ಅಂತ ಆದೇಶ ಮಾಡಿ. ಶಾಮಿಯಾನ ಹಾಕಲೇಬೇಕು ಅಂದರೆ ಡೆಪಾಸಿಟ್ ಇಡಿಸಿಕೊಳ್ಳಿ, ಕೊನೆಯ ಮೊಳೆ ಕಿತ್ತ ಮೇಲೆ ವಾಪಸ್ ಕೊಡಿ.

ಯಾವ ಶನಿವಾರ ಆದರೂ ಸರಿ, ಬೆಳಗ್ಗೆ ಆರೂವರೆಗೆ ನಮ್ಮಲ್ಲಿಗೆ ಬನ್ನಿ ಸರ್. ಆ ಹುಡುಗಿ ಓಡೋದನ್ನು ನೋಡಿ. ಸ್ವಲ್ಪ ಮುಂಚೆ ಬಂದರೆ ಮಕ್ಕಳ ಸಾಲಿನಲ್ಲಿ ನೀವೂ ಒಂದು ಸುತ್ತು ನಡೆಯಬಹುದು.

ಇಂತಿ,
ಹಲಸೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ