ಹೆಕ್ಟೇರಿನ ಶಿಫಾರಸು, ಎಕರೆಯ ಹೊಲ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಈ ಮುಂಗಾರಿಗೆ ಹೊಲ ನೀನೇ ನೋಡಿಕೊಳ್ಳುತ್ತೀಯ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ತುಂಬಾ ಖುಷಿಯಾಯಿತು. ಬಿತ್ತನೆ, ಕಳೆ, ಕೊಯ್ಲು ಎಲ್ಲ ಅವನಿಂದಲೇ ಕಲಿಯುತ್ತೀಯ. ನಾನು ಹೇಳಬೇಕಾದ್ದು ಗೊಬ್ಬರದ ಲೆಕ್ಕ.

ಶಿಫಾರಸು ಪುಸ್ತಕದಲ್ಲಿ 100 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ ಅಂತ ಇದೆ ಅಂದುಕೊ. ಆ ಅಂಕಿಗಿಂತ ಮೊದಲು ಅದರ ಮೇಲಿನ ಸಾಲು ಓದು. ಹೆಕ್ಟೇರಿಗೋ ಎಕರೆಗೋ? ಒಂದು ಹೆಕ್ಟೇರ್ ಅಂದರೆ 2.47 ಎಕರೆ. ಹೆಕ್ಟೇರಿನ ಪ್ರಮಾಣವನ್ನು ಎಕರೆಗೆ ಸುರಿದರೆ ಎರಡೂವರೆ ಪಟ್ಟು ಗೊಬ್ಬರ ಹೋಗುತ್ತೆ. ಸಾರಜನಕ ಜಾಸ್ತಿಯಾದರೆ ಪೈರು ಸೊಕ್ಕಿ ಬೆಳೆದು ಗಾಳಿಗೆ ಮಲಗಿಬಿಡುತ್ತೆ, ರೋಗವೂ ಬೇಗ ಹತ್ತುತ್ತೆ.

ಹೆಕ್ಟೇರಿಗೆ ಅಂತಿದ್ದರೆ 2.47ರಿಂದ ಭಾಗಿಸು, ಎಕರೆಗೆ ಸುಮಾರು 40.5 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ ಬೇಕು. ಆದರೆ ಅಂಗಡಿಯಲ್ಲಿ ಸಾರಜನಕ ಸಿಗಲ್ಲ, ಯೂರಿಯಾ ಸಿಗುತ್ತೆ. ಅದರಲ್ಲಿ ಸಾರಜನಕ ಇರೋದು ನೂರಕ್ಕೆ 46 ಭಾಗ ಮಾತ್ರ. ಡಿಎಪಿ ಅನ್ನೋ ಇನ್ನೊಂದು ಗೊಬ್ಬರದಲ್ಲಿ ನೂರಕ್ಕೆ 18 ಭಾಗ ಸಾರಜನಕ, 46 ಭಾಗ ರಂಜಕ. ಹಾಗಾಗಿ ಮೊದಲು ರಂಜಕದ ಲೆಕ್ಕ ಮುಗಿಸು. 20 ಕೆ.ಜಿ. ರಂಜಕಕ್ಕೆ 44 ಕೆ.ಜಿ. ಡಿಎಪಿ ಬೇಕು. ಅದರ ಜೊತೆಗೇ ಸುಮಾರು 8 ಕೆ.ಜಿ. ಸಾರಜನಕವೂ ಬಂದಿರುತ್ತೆ. ಉಳಿದ 32.5 ಕೆ.ಜಿ.ಗೆ 71 ಕೆ.ಜಿ. ಯೂರಿಯಾ ಸಾಕು. ಡಿಎಪಿಯ ಸಾರಜನಕ ಕಳೆಯದೆ ಹೋದರೆ 88 ಕೆ.ಜಿ. ಹಾಕುತ್ತೀಯ. ಎಕರೆಗೆ 17 ಕೆ.ಜಿ. ಸುಮ್ನೆ ದಂಡ ಅಲ್ವಾ?

ಎಷ್ಟು ಚೀಲ ಅಂತ ಯಾರಾದರೂ ಕೇಳಿದರೆ ಕೆ.ಜಿ.ಯಲ್ಲೇ ಹೇಳು. ಯೂರಿಯಾ ಚೀಲ ಮೊದಲು 50 ಕೆ.ಜಿ. ಇತ್ತು, 2018ರಿಂದ 45 ಕೆ.ಜಿ. ಆಗಿದೆ. ಡಿಎಪಿ ಚೀಲ ಈಗಲೂ 50 ಕೆ.ಜಿ.

ಇನ್ನು ಪಹಣಿ, ಅಂದರೆ ಜಮೀನಿನ ದಾಖಲೆ. ಇಲ್ಲಿ ಓದಿದವರೂ ಎಡವುತ್ತಾರೆ. ನಮ್ಮ ಆ ಕೆಳಗಿನ ಹೊಲದ ಪಹಣಿಯಲ್ಲಿ 1.10 ಅಂತಿದೆ. ಅದನ್ನು ಹಾಗೇ ಕ್ಯಾಲ್ಕುಲೇಟರಿಗೆ ಒತ್ತಬೇಡ. ಚುಕ್ಕಿಯ ಆಚೆಗಿರೋದು ಗುಂಟೆ. ಎಕರೆಗೆ 40 ಗುಂಟೆ, ಆದ್ದರಿಂದ ಒಂದು ಎಕರೆ ಹತ್ತು ಗುಂಟೆ ಅಂದರೆ 1.25 ಎಕರೆ. ಈ ಹೊಲಕ್ಕೆ 55 ಕೆ.ಜಿ. ಡಿಎಪಿ, 89 ಕೆ.ಜಿ. ಯೂರಿಯಾ ಆಗುತ್ತೆ. ಯೂರಿಯಾ ಪೂರ್ತಿ ಒಂದೇ ಸಲ ಹಾಕಬೇಡ. ಒಂದಷ್ಟು ಬಿತ್ತುವಾಗ, ಉಳಿದದ್ದು ಪೈರು ಬೆಳೆಯುವಾಗ ಮೇಲುಗೊಬ್ಬರವಾಗಿ ಹಾಕು.

ತರಕಾರಿ ಮಡಿಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಡ. ಒಂದು ಹೆಕ್ಟೇರಿನಲ್ಲಿ ಹೆಚ್ಚುಕಮ್ಮಿ ನೂರು ಗುಂಟೆ ಬರುತ್ತೆ. ಹೆಕ್ಟೇರಿಗೆ 100 ಕೆ.ಜಿ. ಅಂದರೆ ಗುಂಟೆಗೆ ಒಂದು ಕೆ.ಜಿ.

ನೀರಿಗೂ ಇದೇ ಕ್ರಮ. ಎಕರೆ ಮೇಲೆ 10 ಮಿ.ಮೀ. ನೀರು ನಿಲ್ಲಿಸಿದರೆ 40 ಸಾವಿರ ಲೀಟರ್ ಚಿಲ್ಲರೆ. ನಮ್ಮ ಬೋರಿನಲ್ಲಿ ಎರಡು ಇಂಚು ನೀರಿದೆ ಅನ್ನೋ ಮಾತು ಈ ಲೆಕ್ಕಕ್ಕೆ ಬರಲ್ಲ. 200 ಲೀಟರಿನ ಡ್ರಮ್ ಪೈಪಿನ ಕೆಳಗಿಟ್ಟು ಗಡಿಯಾರ ನೋಡು. 100 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರ್, ಗಂಟೆಗೆ 7,200 ಲೀಟರ್. ಅಂದರೆ ಒಂದು ಎಕರೆಗೆ ಐದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಮೋಟಾರ್ ಓಡಬೇಕು. ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತು ಇರುತ್ತೆ ಅಂತ ನೋಡಿಕೊಂಡು ಹೊಲ ಭಾಗ ಮಾಡಿಕೊ.

ಯಾವ ಅಂಕಿ ಬರೆದರೂ ಪಕ್ಕದಲ್ಲಿ ಎರಡೂ ಅಳತೆ ಬರೆ: ಯಾವುದರ ಎಷ್ಟು, ಯಾವುದಕ್ಕೆ. ಬರೀ 71 ಅಂತ ಗೀಚಿಟ್ಟರೆ ತಿಂಗಳಾದ ಮೇಲೆ ಅದು ಯೂರಿಯಾನೋ ಸಾರಜನಕಾನೋ, ಎಕರೆಗೋ ಇಡೀ ಹೊಲಕ್ಕೋ ನಿನಗೇ ಗೊತ್ತಾಗಲ್ಲ.

ಮಣ್ಣು ಪರೀಕ್ಷೆ ಚೀಟಿ ಬಂದ ಕೂಡಲೇ ಫೋಟೋ ತೆಗೆದು ಕಳಿಸು. ಮೇಲೆ ಹೇಳಿದ ಪ್ರಮಾಣ ಬರೀ ಉದಾಹರಣೆ, ನಮ್ಮ ಮಣ್ಣಿಗೆ ಬೇರೆ ಬರಬಹುದು. ನೀನೇ ಲೆಕ್ಕ ಹಾಕಿ ಅದನ್ನೂ ಜೊತೆಗೆ ಕಳಿಸು, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಗೊಬ್ಬರ ತರಬೇಡಿ ಅಂತ ಅಪ್ಪನಿಗೂ ಹೇಳು.

ಇಂತಿ,
ನಿನ್ನ ದೊಡ್ಡಪ್ಪ