ಪಕ್ಕದ ಮನೆಯ ಗಲಾಟೆ ಬಗ್ಗೆ, ಎಲ್ಲರೂ ಓದಿ

ನಮಸ್ಕಾರ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಗೆ ಹೊಡೆಯುವ ಗಲಾಟೆಯ ಆಡಿಯೋವನ್ನು ನಿನ್ನೆ ರಾತ್ರಿ ಯಾರೋ ನಮ್ಮ ಈ ಗುಂಪಿನಲ್ಲಿ ಹಾಕಿದ್ದರು, ಅದನ್ನು ಅಳಿಸಿದ್ದೇನೆ. ಬೇಜಾರು ಮಾಡ್ಕೋಬೇಡಿ. ಆ ಮನೆಯವರೂ ಇದೇ ಗುಂಪಿನಲ್ಲಿ ಇರಬಹುದು ಅಲ್ವಾ? ಆಮೇಲೆ ಏಟು ಬೀಳುವುದು ಆ ಹೆಣ್ಣುಮಗಳಿಗೇ. ಫೋಟೋ, ಮನೆ ನಂಬರ್ ಕೂಡ ಬೇಡ.

ಹೊಡೆಯುವ ಸದ್ದು ಕೇಳಿದರೆ ತಕ್ಷಣ 112. ಸಲಹೆ, ನೆರವಿಗೆ ಮಹಿಳಾ ಸಹಾಯವಾಣಿ 181, ಮಕ್ಕಳ ವಿಷಯಕ್ಕೆ 1098. ನಮ್ಮ ಮೇಲೇ ಕೇಸ್ ಬಿದ್ದರೆ ಅಂತ ಸುಮ್ನೆ ಹೆದರಬೇಡಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಒಳ್ಳೆಯ ಉದ್ದೇಶದಿಂದ ರಕ್ಷಣಾಧಿಕಾರಿಗೆ (ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ಮಾಹಿತಿ ಕೊಟ್ಟವರಿಗೆ ಯಾವ ಹೊಣೆಯೂ ಇಲ್ಲ ಅಂತ ಸ್ಪಷ್ಟವಾಗಿದೆ. ನಮ್ಮ ರಾಜ್ಯದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ರಕ್ಷಣಾಧಿಕಾರಿ. ಕಚೇರಿ ಎಲ್ಲಿದೆ ಅಂತ ಅಂಗನವಾಡಿ ಟೀಚರ್‌ಗೆ ಗೊತ್ತಿರುತ್ತದೆ.

ಆಕೆ ನಿಮ್ಮ ಹತ್ತಿರ ಬಂದರೆ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ' ಅನ್ನಬೇಡಿ, ನಾನೂ ಒಮ್ಮೆ ಹಾಗೆ ಹೇಳಿ ಪಶ್ಚಾತ್ತಾಪ ಪಟ್ಟಿದ್ದೇನೆ. ಕೂರಿಸಿ, ಕಾಫಿ ಕೊಡಿ, ಕೇಳಿಸಿಕೊಳ್ಳಿ. ಮನೆ ಗಂಡನ ಹೆಸರಿನಲ್ಲಿದ್ದರೂ ಆಕೆಗೆ ಅಲ್ಲೇ ಇರುವ ಹಕ್ಕಿದೆ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಆಧಾರ್, ಪಾಸ್‌ಬುಕ್ ನಕಲನ್ನು ನಂಬಿಕಸ್ತರ ಮನೆಯಲ್ಲಿ ಇಡಲು ಹೇಳಿ.

ಇದರ ಬಗ್ಗೆ ಮಾತಾಡಲು ಭಾನುವಾರ ಬೆಳಿಗ್ಗೆ 11ಕ್ಕೆ ಪಾರ್ಕ್ ಹತ್ತಿರ ಸೇರೋಣ. ನೆರವು ಬೇಕಾದವರ ಜೊತೆ ಅವರ ಭಾಷೆಯಲ್ಲೇ ಮಾತಾಡಲು, ಕನ್ನಡದ ಜೊತೆ ತಮಿಳು, ತೆಲುಗು, ಹಿಂದಿ ಬರುವವರು ಜಾಸ್ತಿ ಬೇಕು.