ಭಾನುವಾರಕ್ಕೆ ಭಾಮಿನಿ

ಗೆಳೆಯರೇ, ಭಾನುವಾರ ಬೆಳಿಗ್ಗೆ 7ಕ್ಕೆ ಕುಂದವಾಡ ಕೆರೆ ಏರಿ ಮೇಲೆ ಸೇರೋಣ. ಆರು ಸಾಲಿನ ಭಾಮಿನಿ ಷಟ್ಪದಿ ಛಂದಸ್ಸಿನಲ್ಲಿ ಒಂದಾದರೂ ಪದ್ಯ ತನ್ನಿ. 1, 2, 4, 5ನೇ ಸಾಲಿಗೆ 14 ಮಾತ್ರೆ (ಹ್ರಸ್ವ ಅಕ್ಷರಕ್ಕೆ 1, ದೀರ್ಘಕ್ಕೆ 2 ಅಂತ ಎಣಿಕೆ). 3 ಮತ್ತು 6ಕ್ಕೆ 23.

ಹೋದ ವಾರ ನನ್ನದೇ ಸಾಲು ಎಡವಿತು: ‘ಬೆಣ್ಣೆ ದೋಸೆ ಮೇಲೆ ಕರಗಿದ’. ಕಿವಿಗೆ ಚೆನ್ನಾಗೇ ಇತ್ತು. ಬೆರಳು ಮಡಚಿ ಎಣಿಸಿದರೆ 13! ‘ದೋಸೆ’ಯನ್ನು ‘ದೋಸೆಯ’ ಮಾಡಿದೆ, 3-4-3-4 ಮಾತ್ರೆಯ ಗುಂಪು ಸರಿಹೋಯಿತು. ಬರೀ ಒಂದು ‘ಯ’ ನೋಡಿ.

ಹಾಗಂತ ಸಾಲು ತುಂಬಿಸಲು ‘ಆಹಾ’, ‘ತಾನು’ ಅಂತ ಸುಮ್ನೆ ತುರುಕಬೇಡಿ, ಗೊತ್ತಾಗಿಬಿಡುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅಂದರೆ 2 ಮಾತ್ರೆ. ನಾವು ಜಾಸ್ತಿ ತಪ್ಪುವುದು ಅಲ್ಲೇ ಅಲ್ವಾ?

ಶನಿವಾರ ರಾತ್ರಿಯೊಳಗೆ ಪದ್ಯ ಇಲ್ಲೇ ಹಾಕಿ. ಫೋಟೊ ಬೇಡ, ಟೈಪ್ ಮಾಡಿ.